ಎಲೆ ಸುಡುವ ಹೊಗೆ, ಮಕ್ಕಳ ಉಬ್ಬಸ

ಮಾನ್ಯರೇ,

ಚಳಿಗಾಲ ಬಂತೆಂದರೆ ಬೆಂಗಳೂರಿನ ಎಷ್ಟೋ ಬೀದಿಗಳಲ್ಲಿ ಬೆಳಗ್ಗೆ ಬೆಳಗ್ಗೆಯೇ ಹೊಗೆ ಏಳುತ್ತದೆ. ಗುಡಿಸಿದ ಒಣ ಎಲೆ, ತೆಂಗಿನ ಗರಿ, ಪ್ಲಾಸ್ಟಿಕ್ ಕವರ್ ಎಲ್ಲ ಸೇರಿಸಿ ಬೆಂಕಿ ಹಚ್ಚುತ್ತಾರೆ. ಚಳಿಗೆ ಆ ಹೊಗೆ ಮೇಲೇರದೆ ಕಿಟಕಿಯ ಮಟ್ಟದಲ್ಲೇ ನಿಲ್ಲುತ್ತದೆ. ಅಸ್ತಮಾ ಇರುವ ಮನೆಗೆ ಇದು ಸಣ್ಣ ವಿಷಯ ಅಲ್ಲ. ನನ್ನ ಮಗಳು ಎರಡು ಮಾತಾಡಿ ಉಸಿರಿಗಾಗಿ ನಿಲ್ಲುತ್ತಾಳೆ, ಪಕ್ಕೆಲುಬುಗಳ ನಡುವೆ ಚರ್ಮ ಒಳಕ್ಕೆ ಎಳೆದುಕೊಳ್ಳುತ್ತದೆ. ತುರ್ತಿಗೆ ಬಳಸುವ ನೀಲಿ ಇನ್ಹೇಲರನ್ನು ಸ್ಪೇಸರ್ ಎಂಬ ಔಷಧಿ ಎಳೆದುಕೊಳ್ಳುವ ಕೊಳವೆಗೆ ಸಿಕ್ಕಿಸಿ ಕೊಟ್ಟು, ಉಸಿರು ಹಿಡಿತಕ್ಕೆ ಬರುವಷ್ಟರಲ್ಲಿ ಶಾಲೆಯ ವ್ಯಾನ್ ಹೋಗಿರುತ್ತದೆ.

ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಾದರೆ 25,000 ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಆದೇಶಿಸಿದೆ. ನಮ್ಮ ಬಡಾವಣೆಯಲ್ಲಿ ಯಾರಿಗೂ ದಂಡ ಬಿದ್ದದ್ದು ನಾನು ಕಂಡಿಲ್ಲ. ಪೌರಕಾರ್ಮಿಕರನ್ನು ಬೈಯಬೇಡಿ. ಎಲೆ ಒಯ್ಯಲು ಗಾಡಿಯೇ ಬರದಿದ್ದರೆ ಅವರಾದರೂ ಏನು ಮಾಡಿಯಾರು? ಆ ಹೊಗೆಯನ್ನು ಮೊದಲು ಕುಡಿಯುವವರೂ ಅವರೇ ಅಲ್ವಾ? ಎಲೆಗೆಂದೇ ಬೇರೆ ಗಾಡಿ ಬರಲಿ, ಪಾರ್ಕುಗಳಲ್ಲಿ ಎಲೆಗೊಬ್ಬರದ ತೊಟ್ಟಿ ಕಟ್ಟಿಸಲಿ.

ಇನ್ನೊಂದು ಮಾತು. ಇನ್ಹೇಲರ್ ಚಟ ಆಗಿಬಿಡುತ್ತೆ ಎಂದು ಹೆದರಿಸುವವರು ಜಾಸ್ತಿ. ಅದು ಸುಳ್ಳು. ದಿನವೂ ತೆಗೆದುಕೊಳ್ಳುವ ಇನ್ಹೇಲರನ್ನು ಡಾಕ್ಟರನ್ನು ಕೇಳದೆ ಸುಮ್ನೆ ನಿಲ್ಲಿಸಬೇಡಿ. ಶಾಲೆಯವರೂ ಅಷ್ಟೇ, ತುರ್ತಿಗೆ ಬೇಕಾದ ಇನ್ಹೇಲರನ್ನು ಆಫೀಸಿನ ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ. ಅದು ಮಗುವಿನ ಕೈಗೆ ಸಿಗುವಂತಿರಲಿ.

- ಒಬ್ಬ ತಾಯಿ, ಬೆಂಗಳೂರು