ಗೋಣಿಕೊಪ್ಪದ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಕ್ಕ ಹಿರಿಯರಿಗೆ

ಹೆಸರು ಕೇಳುವಷ್ಟರಲ್ಲಿ ನೀವು ಬಸ್ ಹತ್ತಿಬಿಟ್ಟಿರಿ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಹಳೇ ಮನೆ ರಿಪೇರಿಯ ನಕ್ಷೆ ನೋಡಿ ನೀವು ಮೊದಲು ಕೇಳಿದ್ದು, "ಮಳೆ ಯಾವ ಕಡೆಯಿಂದ ಹೊಡೆಯುತ್ತೆ?" ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಳಿ ಬಡಿಯುವ ಪಶ್ಚಿಮದ ಬದಿಗೆ ಸ್ಟೋರ್ ರೂಮು, ಮಲಗುವ ಕೋಣೆಗಳೆಲ್ಲ ಪೂರ್ವಕ್ಕೆ ಎಂದಿರಿ. ಹಿತ್ತಿಲ ಬಾಗಿಲ ಒಳಗೆ ಒದ್ದೆ ಕೊಡೆ, ಗಂಬೂಟು ಬಿಡಲು ನಾಲ್ಕಡಿ ಜಾಗ. ತೋಟದ ಮನೆಗೆ ಇದೆಷ್ಟು ಮುಖ್ಯ ಅಂತ ಈ ಮಳೆಗಾಲ ದಿನವೂ ಗೊತ್ತಾಗುತ್ತಿದೆ. ಅಡುಗೆಮನೆ, ಬಚ್ಚಲು ಒಂದೇ ಗೋಡೆಗೆ ಬೆನ್ನು ಕೊಟ್ಟರೆ ಪೈಪಿನ ಖರ್ಚೂ ಕಮ್ಮಿ, ಸೋರಿದರೆ ಹುಡುಕುವುದೂ ಸುಲಭ. ಮಾಡಿನ ಭಾರ ಹೊತ್ತ ನಡುಗೋಡೆಯನ್ನು ಮಾತ್ರ ಎಂಜಿನಿಯರ್‌ಗೆ ತೋರಿಸದೆ ಮುಟ್ಟಬೇಡಿ ಎಂದು ಎರಡೆರಡು ಸಲ ಹೇಳಿದಿರಿ.

ನೀವು ಹೇಳಿದಂತೆ ಕಾಫಿ ಕಣದಲ್ಲಿ ಸುಣ್ಣದ ಪುಡಿ ಹಾಕಿ ಕೋಣೆಗಳನ್ನು ನಿಜವಾದ ಅಳತೆಯಲ್ಲೇ ಬರೆದೆವು. ಅಜ್ಜಿ ವಾಕರ್ ಹಿಡಿದು ಮಂಚದಿಂದ ಬಚ್ಚಲಿಗೆ ನಡೆದು ನೋಡಿದರು. ಬಾಗಿಲು 3 ಅಡಿಗೆ ಅಗಲವಾಗಿದ್ದು ಅಲ್ಲೇ. ನಡುಮನೆಯಲ್ಲಿ ಹಿರಿಯರ ನೆನಪಿಗೆ ಹಚ್ಚುವ ನೆಲ್ಲಕ್ಕಿ ದೀಪದ ಜಾಗ ಕದಲಲಿಲ್ಲ, ಅದಕ್ಕೆ ಅಜ್ಜಿಯ ವಿಶೇಷ ಕೃತಜ್ಞತೆ.

ಇದನ್ನು ಓದಿದರೆ ದಯವಿಟ್ಟು ತಿಳಿಸಿ. ಈ ಸಲದ ಹುತ್ತರಿ ಸುಗ್ಗಿ ಹಬ್ಬದ ಊಟ ನಮ್ಮಲ್ಲೇ ಆಗಬೇಕು.