ಶನಿವಾರದ ಸರ್ವೆಗೆ ಹೊರಡುವವರಿಗೆ

ಎಲ್ಲರಿಗೂ ನಮಸ್ಕಾರ. ಹೊರಡುವ ಮುಂಚೆ ಇದನ್ನು ಓದಿಕೊಳ್ಳಿ.

ಬರ್ಲಿನ್‌ನಲ್ಲಿ ಹಾನ್ಸ್ ಅಂತ ಒಂದು ಕುದುರೆ ಇತ್ತು. ಲೆಕ್ಕ ಕೇಳಿದರೆ ಗೊರಸು ಬಡಿದು ಉತ್ತರ ಹೇಳುತ್ತಿತ್ತು. ಅದರ ಗುಟ್ಟನ್ನು 1907ರಲ್ಲಿ ಬಯಲಿಗೆ ತಂದವರು ಮನಶ್ಶಾಸ್ತ್ರದ ಸಂಶೋಧಕ ಆಸ್ಕರ್ ಫುಂಗ್‌ಸ್ಟ್. ಕೇಳುವವರಿಗೇ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಯೂ ತಪ್ಪುತ್ತಿತ್ತು! ಸರಿ ಸಂಖ್ಯೆ ಬಂದ ಕೂಡಲೇ ಕೇಳುವವರ ತಲೆ ಕೂದಲೆಳೆಯಷ್ಟು ಮೇಲೇಳುತ್ತಿತ್ತು. ಅದನ್ನು ನೋಡಿ ಹಾನ್ಸ್ ಬಡಿಯುವುದನ್ನು ನಿಲ್ಲಿಸುತ್ತಿತ್ತು. ಪಾಪ, ಮಾಲೀಕರು ಮೋಸ ಮಾಡಿರಲಿಲ್ಲ, ಅವರಿಗೇ ಇದು ಗೊತ್ತಿರಲಿಲ್ಲ.

ಕುದುರೆಗೆ ಕಂಡಿದ್ದು ಮನುಷ್ಯರಿಗೂ ಕಾಣುತ್ತದೆ ಅಲ್ವಾ? ಹಾಗಾಗಿ ಉತ್ತರ ಕೇಳುವಾಗ ಸುಮ್ನೆ ತಲೆ ಆಡಿಸಬೇಡಿ, ‘ಹೌದೌದು’ ಅನ್ನಬೇಡಿ. ಪ್ರಶ್ನೆಯನ್ನು ಹಾಳೆಯಲ್ಲಿ ಇರುವ ಹಾಗೇ ಓದಿ. ಉತ್ತರ ಕೊಡುವವರಲ್ಲಿ ಯಾರು ಯಾವ ತಂಡ ಅಂತ ಗೊತ್ತಿದ್ದರೆ ನಿಮಗೇ ತಿಳಿಯದೆ ಸುಳಿವು ಕೊಟ್ಟುಬಿಡಬಹುದು, ಅದಕ್ಕೇ ಆ ಪಟ್ಟಿ ನನ್ನ ಹತ್ತಿರವೇ ಇರುತ್ತದೆ. ಹಾಳೆಗಳೆಲ್ಲ ವಾಪಸ್ ಬರುವವರೆಗೆ ಯಾರಿಗೂ ಕೊಡುವುದಿಲ್ಲ, ಬೇಜಾರಾಗಬೇಡಿ.