ಶನಿವಾರದ ನೋಟ್‌ಬುಕ್‌ಗಳನ್ನು ಓದಿದವರಿಗೆ

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂತು. ನಮ್ಮ ಹತ್ತನೇ ಕ್ಲಾಸಿನ ಮಕ್ಕಳಲ್ಲಿ ಒಬ್ಬನನ್ನು ಬಿಟ್ಟು ಎಲ್ಲರೂ ಇಂಗ್ಲಿಷಿನಲ್ಲಿ ಪಾಸಾಗಿದ್ದಾರೆ. ಮೊನ್ನೆಯಿಂದ ಫೋನ್ ಬರುತ್ತಲೇ ಇದೆ, ಎಲ್ಲರೂ ನನಗೆ ಅಭಿನಂದನೆ ಹೇಳುತ್ತಿದ್ದೀರಿ. ತುಂಬಾ ಖುಷಿಯಾಗುತ್ತಿದೆ. ಆದರೆ ನವೆಂಬರಿನಿಂದ ಫೆಬ್ರವರಿ ತನಕ ಆ ಕ್ಲಾಸಿನಲ್ಲಿ ನಾನಿರಲಿಲ್ಲ. ಕಾಯಿಲೆಯಾಗಿ ಆಸ್ಪತ್ರೆ ಸೇರಿದ್ದು ನಿಮಗೆಲ್ಲ ಗೊತ್ತೇ ಇದೆ, ಅದನ್ನು ಮತ್ತೆ ಬರೆಯುವುದಿಲ್ಲ. ನಾನಿಲ್ಲದಿದ್ದರೂ ವಾರ ವಾರ ಪಾಠ ನಡೆಯಿತು, ಹೋಮ್‌ವರ್ಕ್ ಕೊಟ್ಟರು, ಕೊಟ್ಟಿದ್ದನ್ನು ಓದಿ ತಿದ್ದಿದರು. ಅದನ್ನು ಮಾಡಿದವರಿಗೆ ಎಲ್ಲರ ಎದುರು ಥ್ಯಾಂಕ್ಸ್ ಹೇಳಬೇಕು ಅಂತ ಕೂತಿದ್ದೇನೆ. ಹೆಸರು ಹಾಕಬೇಡಿ ಅಂತ ಅವರೇ ಕೇಳಿಕೊಂಡಿದ್ದಾರೆ. ಹಾಗಾಗಿ ಹಿಂದಿ ಮೇಡಂ ಅಂತಲೇ ಬರೆಯುತ್ತೇನೆ. ಊರಿನಲ್ಲಿ ಎಲ್ಲರೂ ಕರೆಯುವುದೂ ಹಾಗೇ ಅಲ್ವಾ.

ಮೊದಲು ಉಳಿದವರು. ಟೈಮ್‌ಟೇಬಲ್ ಹಿಂದೆಮುಂದೆ ಮಾಡಿ ಇಂಗ್ಲಿಷಿನ ಒಂದು ಪೀರಿಯಡ್ಡೂ ಖಾಲಿ ಹೋಗದಂತೆ ನೋಡಿಕೊಂಡ ಎಚ್‌ಎಂ ಸರ್, ಗ್ರಾಮರ್ ಕ್ಲಾಸ್ ಹಂಚಿಕೊಂಡ ವಿಜ್ಞಾನದ ಮೇಷ್ಟ್ರು, ಜನವರಿಯಲ್ಲಿ ಬಂದ ಅತಿಥಿ ಶಿಕ್ಷಕಿ, ಬೆಂಗಳೂರಿನಲ್ಲಿ ಕೆಲಸದಲ್ಲಿದ್ದುಕೊಂಡೇ ಪಾಠಗಳನ್ನೆಲ್ಲ ಓದಿ ವಾಟ್ಸಾಪಿನಲ್ಲಿ ಕಳಿಸಿದ ನಮ್ಮ ಹಳೇ ವಿದ್ಯಾರ್ಥಿನಿ, ನನಗೆ ರಾಗಿ ಗಂಜಿ ಕಳಿಸಿಕೊಟ್ಟ ಬಿಸಿಯೂಟದ ಅಮ್ಮಂದಿರು, ಆಸ್ಪತ್ರೆಯ ಡಾಕ್ಟರು, ನರ್ಸುಗಳು, ಎಲ್ಲರಿಗೂ ಕೈ ಮುಗಿಯುತ್ತೇನೆ. ನಮ್ಮ ಮನೆಯವರಿಗೂ ಅತ್ತೆಗೂ ಹೇಳಬೇಕಾದ್ದನ್ನು ಮನೆಯಲ್ಲೇ ಹೇಳಿದ್ದೇನೆ.

ಈಗ ಹಿಂದಿ ಮೇಡಂ ವಿಷಯ. ಅವರು ಮಾಡಿದ್ದು ಎಷ್ಟು ದೊಡ್ಡ ಕೆಲಸ ಅಂತ ತಿಳಿಯಬೇಕಾದರೆ ನಮ್ಮ ಕ್ಲಾಸಿನ ವಾರ ಹೇಗಿರುತ್ತದೆ ಅಂತ ಸ್ವಲ್ಪ ಹೇಳಬೇಕು. ನಮ್ಮದು ಹಿರಿಯೂರು ತಾಲ್ಲೂಕಿನ ಕನ್ನಡ ಮಾಧ್ಯಮದ ಸರ್ಕಾರಿ ಹೈಸ್ಕೂಲು. ಇಲ್ಲಿ ಇಂಗ್ಲಿಷ್ ದ್ವಿತೀಯ ಭಾಷೆ. ಬರಹದ ಪರೀಕ್ಷೆ 80 ಅಂಕಕ್ಕೆ, ಉಳಿದ 20 ಶಾಲೆಯ ಆಂತರಿಕ ಅಂಕ. ಸೋಮವಾರ ಹೊಸ ಪಾಠದ ಒಂದು ಭಾಗ ಓದುತ್ತೇವೆ, ನಾನು ಒಂದು ಸಲ, ಮಕ್ಕಳು ಸಾಲಾಗಿ ಒಂದು ಸಲ. ಬುಧವಾರ ಗ್ರಾಮರ್. ಶುಕ್ರವಾರ ಡಿಕ್ಟೇಶನ್ನು, ಆಮೇಲೆ ಹೋಮ್‌ವರ್ಕ್ ಕೊಡುವುದು. ಹೆಚ್ಚಾಗಿ ಒಂದು ಪತ್ರ, ಇಲ್ಲವೇ ಒಂದು ಸಣ್ಣ ಪ್ರಬಂಧ. ಶನಿವಾರ ಬೆಳಗಿನ ಕ್ಲಾಸು, ಅವತ್ತು ನೋಟ್‌ಬುಕ್ ತೆಗೆದುಕೊಳ್ಳುವುದು. ಭಾನುವಾರ ತಿದ್ದಿ ಸೋಮವಾರ ವಾಪಸ್ ಕೊಡಲೇಬೇಕು. ಇದರಲ್ಲಿ ಬೇರೆ ಏನು ತಪ್ಪಿದರೂ ಹೇಗೋ ಸರಿಮಾಡಿಕೊಳ್ಳಬಹುದು, ಆದರೆ ನೋಟ್‌ಬುಕ್ ತಪ್ಪಬಾರದು ಅನ್ನುವುದು ಇಷ್ಟು ವರ್ಷ ಪಾಠ ಮಾಡಿ ನನಗೆ ಗಟ್ಟಿಯಾಗಿ ಗೊತ್ತಾಗಿರುವ ವಿಷಯ.

ಯಾಕಂದರೆ ಈ ಮಕ್ಕಳ ಇಂಗ್ಲಿಷನ್ನು ಮನೆಯಲ್ಲಿ ನೋಡುವವರು ಯಾರೂ ಇಲ್ಲ. ಅಪ್ಪ ಅಮ್ಮ ಈರುಳ್ಳಿ, ಶೇಂಗಾ ಬೆಳೆಯುವವರು, ಮಳೆ ಕೈಕೊಟ್ಟ ವರ್ಷ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗುವವರು. ಕನ್ನಡದ ಪ್ರಬಂಧವಾದರೆ ಅಕ್ಕನೋ ಅಣ್ಣನೋ ಯಾರಾದರೂ ಓದಿ ಚೆನ್ನಾಗಿದೆ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಬರೆದದ್ದನ್ನು ಇಡೀ ಊರಿನಲ್ಲಿ ಓದುವ ಒಬ್ಬರೇ ಒಬ್ಬರು ಅಂದರೆ ಮೇಡಂ. ಆ ಒಬ್ಬರೂ ಓದದೆ, ಬರೀ ‘ಸೀನ್’ ಅಂತ ಬರೆದು ಸಹಿ ಹಾಕಿ ಕೊಟ್ಟರೆ ಮಗುವಿಗೆ ತಕ್ಷಣ ಗೊತ್ತಾಗುತ್ತದೆ. ಎರಡು ವಾರ ಹಾಗೇ ಆದರೆ ಮೂರನೇ ವಾರ ಗೈಡ್ ನೋಡಿ ಇಳಿಸಿಕೊಂಡು ಬರುತ್ತದೆ. ಬೈದು ಪ್ರಯೋಜನವಿಲ್ಲ. 2007ರಿಂದ ನಮ್ಮ ಶಾಲೆಗಳಲ್ಲಿ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಇದೆ, ಆದರೂ ಎಂಟನೇ ಕ್ಲಾಸಿಗೆ ಬರುವಾಗ ಸ್ವಂತವಾಗಿ ಒಂದು ವಾಕ್ಯ ಬರೆಯಲು ಹೆದರುವ ಮಕ್ಕಳೇ ಜಾಸ್ತಿ. ಜೂನಿನ ಸೇತುಬಂಧದಿಂದ (ಶಾಲೆ ಶುರುವಾದಾಗ ಹಿಂದಿನ ಕ್ಲಾಸಿನ ಪಾಠ ಮತ್ತೆ ಹೇಳಿಕೊಡುವುದು) ಹಿಡಿದು ಆ ಹೆದರಿಕೆ ಬಿಡಿಸುವುದಕ್ಕೆ ಎರಡು ವರ್ಷ ಬೇಕು. ಮತ್ತೆ ಬರುವುದಕ್ಕೆ ಒಂದು ತಿಂಗಳು ಸಾಕು. ಆಸ್ಪತ್ರೆಗೆ ಸೇರುವಾಗ ನನ್ನ ತಲೆಯಲ್ಲಿ ಇದ್ದದ್ದು ಇದೇ ಚಿಂತೆ, ನನ್ನ ಆರೋಗ್ಯಕ್ಕಿಂತ ಜಾಸ್ತಿ ಅಂತ ಹೇಳಲಾರೆ, ಆದರೆ ಅದರ ಪಕ್ಕದಲ್ಲೇ ಇತ್ತು.

ಹಿಂದಿ ಮೇಡಂ ಓದುವ ಕಾಲಕ್ಕೆ ಇಂಗ್ಲಿಷ್ ಶುರುವಾಗುತ್ತಿದ್ದದ್ದೇ ಐದನೇ ಕ್ಲಾಸಿಗೆ. ಅವರ ಓದೆಲ್ಲ ಹಿಂದಿ, ಕನ್ನಡ. ಅವರಿಗೂ ತಮ್ಮ ಪೀರಿಯಡ್ಡುಗಳಿದ್ದವು, ಅವರ ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ ಇದ್ದಾರೆ. ನಾನು ಅವರನ್ನು ಕೇಳಿರಲೂ ಇಲ್ಲ. ನಾನು ರಜೆ ಹಾಕಿದ ಮೊದಲ ಶನಿವಾರವೇ ಸ್ಟಾಫ್ ರೂಮಿನಲ್ಲಿ ನನ್ನ ಟೇಬಲ್ಲಿನ ಮೇಲೆ ಮಕ್ಕಳು ತಂದಿಟ್ಟ ನೋಟ್‌ಬುಕ್ ಕಟ್ಟು ನೋಡಿದ್ದಾರೆ, ಅಷ್ಟನ್ನೂ ಬ್ಯಾಗಿಗೆ ತುಂಬಿಕೊಂಡು ಮನೆಗೆ ಹೋಗಿದ್ದಾರೆ. ಭಾನುವಾರ ನನ್ನ ಫೋನಿಗೆ ಒಂದರ ಹಿಂದೆ ಒಂದು ಫೋಟೋ. ‘ಇಲ್ಲಿ ಹ್ಯಾಸ್ ಬರುತ್ತಾ, ಹ್ಯಾವ್ ಬರುತ್ತಾ ನೋಡಿ ಹೇಳಿ ಮೇಡಂ.’ ಅವರು ಮೊದಲು ಪೆನ್ಸಿಲಿನಲ್ಲಿ ತಿದ್ದುತ್ತಿದ್ದರು. ಅನುಮಾನ ಇದ್ದಲ್ಲಿ ಫೋಟೋ ತೆಗೆದು ಕಳಿಸಿ, ನಾನು ಉತ್ತರ ಕೊಟ್ಟ ಮೇಲೆ ಅದರ ಮೇಲೆ ಕೆಂಪು ಪೆನ್ನು. ಇಷ್ಟೆಲ್ಲ ಯಾಕೆ, ಗೊತ್ತಿದ್ದಷ್ಟು ತಿದ್ದಿದರೆ ಸಾಕಲ್ವಾ ಅಂದೆ. ‘ನಾನು ತಪ್ಪು ತಿದ್ದಿದರೆ ಮಗು ನನ್ನ ತಪ್ಪನ್ನೇ ಕಲಿಯುತ್ತೆ ಕಣ್ರೀ’ ಅಂದರು. ಆಮೇಲೆ ನಾನು ಎಚ್ಚರವಿದ್ದ ಭಾನುವಾರಗಳೆಲ್ಲ ನಾವಿಬ್ಬರೂ ಹೀಗೇ ತಿದ್ದಿದ್ದೇವೆ, ಅವರು ಅಲ್ಲಿಂದ, ನಾನು ಹಾಸಿಗೆಯಿಂದ.

ಆ ರಾತ್ರಿಯ ಬಗ್ಗೆ ಬರೆಯಲೋ ಬೇಡವೋ ಅಂತ ತುಂಬಾ ಯೋಚಿಸಿದೆ. ಬರೆಯದಿದ್ದರೆ ಈ ಥ್ಯಾಂಕ್ಸಿಗೆ ಅರ್ಥವಿಲ್ಲ.

ಅವತ್ತು ಶನಿವಾರ. ಮೇಡಂ ಬೆಳಗಿನ ಕ್ಲಾಸು ಮುಗಿಸಿ ಸೀದಾ ಬಸ್ ಹತ್ತಿದ್ದರು, ಚಿತ್ರದುರ್ಗದಲ್ಲಿ ಬಸ್ ಬದಲಾಯಿಸಿ ದಾವಣಗೆರೆಗೆ ಬಂದಿದ್ದರು. ನನ್ನನ್ನು ನೋಡಿ ಸಂಜೆ ಬಸ್ಸಿಗೆ ವಾಪಸ್ ಹೋಗುವ ಲೆಕ್ಕ. ಸಂಜೆ ಹೊತ್ತಿಗೆ ನನ್ನ ಪರಿಸ್ಥಿತಿ ಕೆಟ್ಟಿತು. ನಮ್ಮ ಮನೆಯವರು ರಕ್ತಕ್ಕಾಗಿ ಓಡಾಡುತ್ತಿದ್ದರು, ಅತ್ತೆ ಮಕ್ಕಳ ಜೊತೆ ಊರಿನಲ್ಲಿ. ಮೇಡಂ ತಂಗಿಗೆ ಫೋನ್ ಮಾಡಿ ಅಮ್ಮನ ಹತ್ತಿರ ಬಂದು ಮಲಗು ಅಂತ ಹೇಳಿ, ಚಪ್ಪಲಿ ಬಿಟ್ಟು, ನನ್ನ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತರು. ಬೆಳಗಿನ ತನಕ ಅಲ್ಲಿಂದ ಏಳಲಿಲ್ಲ.

ನಡುರಾತ್ರಿ ದಾಟಿದ ಮೇಲೆ ನನ್ನ ಧೈರ್ಯ ಪೂರ್ತಿ ಹೋಯಿತು. ಅತ್ತುಬಿಟ್ಟೆ. ನಾನು ಬದುಕಲ್ಲ ಅನ್ನಿಸ್ತಿದೆ ಮೇಡಂ, ನನ್ನ ಮಕ್ಕಳು ಇನ್ನೂ ಚಿಕ್ಕವರು, ಅಂದೆ. ಏನೂ ಆಗಲ್ಲ ಬಿಡಿ, ಎಲ್ಲ ಸರಿಹೋಗುತ್ತೆ, ಅಂತ ಅವರು ಹೇಳಲಿಲ್ಲ. ಆ ಮಾತನ್ನು ಅವತ್ತು ಬೆಳಗಿನಿಂದ ಎಷ್ಟೋ ಜನರಿಂದ ಕೇಳಿದ್ದೆ, ಕೇಳಿದಷ್ಟೂ ಭಯ ಹೆಚ್ಚಾಗುತ್ತಿತ್ತು. ಅವರು ನನ್ನ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಬ್ಯಾಗಿನಿಂದ ನೋಟ್‌ಬುಕ್ ತೆಗೆದರು. ಶಾಲೆಯಿಂದ ಸೀದಾ ಬಂದಿದ್ದರಲ್ಲ, ಆ ವಾರದ ಕಟ್ಟು ಅವರ ಜೊತೆಗೇ ಇತ್ತು. ‘ಕಣ್ಣು ಮುಚ್ಚಿಕೊಂಡು ಕೇಳಿ, ಉತ್ತರ ಹೇಳಬೇಕಿಲ್ಲ’ ಅಂದು ಮೆಲ್ಲಗೆ ಓದಲು ಶುರುಮಾಡಿದರು.

ಆ ವಾರದ ಹೋಮ್‌ವರ್ಕ್ ಅಪ್ಪನಿಗೆ ಪತ್ರ. ಪರೀಕ್ಷೆಯಲ್ಲಿ ಪತ್ರಕ್ಕೆ 5 ಅಂಕ, ಎಲ್ಲ ಮಕ್ಕಳಿಗೂ ಅದರ ಅಚ್ಚು ಬಾಯಿಪಾಠ. ಐ ಆಮ್ ಫೈನ್ ಹಿಯರ್, ಹೋಪ್ ಯು ಆರ್ ಆಲ್ಸೋ ಫೈನ್ ದೇರ್. ಒಂದರ ಮೇಲೊಂದು ನೋಟ್‌ಬುಕ್, ಎಲ್ಲದರಲ್ಲೂ ಅದೇ ಸಾಲು. ನನಗೆ ಜೋಗುಳ ಕೇಳಿದ ಹಾಗೆ ಆಗುತ್ತಿತ್ತು. ಆಮೇಲೆ ಒಬ್ಬ ಹುಡುಗನದು ಬಂತು. ಅವನ ಅಪ್ಪ ಬೆಂಗಳೂರಿನಲ್ಲಿ ಕಟ್ಟಡದ ಕೆಲಸದಲ್ಲಿದ್ದಾರೆ. ಪ್ರಶ್ನೆಯಲ್ಲಿ ಇದ್ದದ್ದು ಪ್ರವಾಸಕ್ಕೆ ಹೋಗಲು ಅನುಮತಿ ಕೇಳಿ ಅಂತ. ಅವನು ಅದನ್ನು ಒಂದು ಸಾಲಿನಲ್ಲಿ ಮುಗಿಸಿ ಕೆಳಗೆ ತನ್ನದೇ ಬರೆದಿದ್ದ. ‘ಅವರ್ ಕೌ ಗಿವ್ ಕಾಫ್. ಮದರ್ ಲೆಗ್ ಪೇನ್. ಯು ಕಮ್ ಶಿವರಾತ್ರಿ. ನಥಿಂಗ್ ಬ್ರಿಂಗ್.’ ಮೇಡಂ ಅಲ್ಲಿಗೆ ನಿಲ್ಲಿಸಿದರು. ಇದನ್ನು ಹೇಗೆ ತಿದ್ದಲಿ ಅಂತ ಕೇಳಿದರು. ಅವತ್ತು ಸಂಜೆಯಿಂದ ನನ್ನ ಬಾಯಿಂದ ಅಳು ಬಿಟ್ಟು ಬೇರೆ ಬಂದದ್ದು ಅದೇ ಮೊದಲು. ಅಂಕ ಕಡಿಮೆ ಮಾಡಬೇಡಿ, ಸರಿಯಾದ ವಾಕ್ಯಗಳನ್ನು ಪಕ್ಕದಲ್ಲಿ ಬರೆಯಿರಿ, ಅವನು ಬರೆದದ್ದರ ಮೇಲೆ ಗೆರೆ ಎಳೆಯಬೇಡಿ, ಅಂದೆ.

‘ಸರಿ, ಮುಂದಿನ ವಾರ ಏನು ಪಾಠ ಹೇಳಿ, ಬರ್ಕೊಳ್ತೀನಿ’ ಅಂದರು. ನಾನು ಹೇಳುತ್ತಾ ಹೋದೆ, ಅವರು ಔಷಧಿ ಬಿಲ್ಲಿನ ಹಿಂದೆ ಬರೆದುಕೊಳ್ಳುತ್ತಾ ಹೋದರು. ಸೋಮವಾರ ಯಾವ ಪ್ಯಾರಾ, ಬುಧವಾರ ಪ್ಯಾಸಿವ್ ವಾಯ್ಸಿಗೆ ಯಾವ ವಾಕ್ಯಗಳು, ಡಿಕ್ಟೇಶನ್ನಿಗೆ ಯಾವ ಪದಗಳು. ಮಧ್ಯದಲ್ಲಿ ನರ್ಸ್ ಬಂದು ಹೋದರು, ನಮ್ಮ ಮನೆಯವರು ಬಂದರು. ಕತ್ತಲು ಹರಿಯುವ ಹೊತ್ತಿಗೆ ಜ್ವರ ಇಳಿಯಿತು. ಅದು ಔಷಧಿಯಿಂದ ಇಳಿಯಿತು, ಡಾಕ್ಟರಿಂದ ಇಳಿಯಿತು, ನನಗೆ ಗೊತ್ತು. ಆದರೆ ಬೆಳಗಿನ ತನಕ ಆ ಗಂಟೆಗಳನ್ನು ನಾನು ದಾಟಿದ್ದು ಮುಂದಿನ ವಾರ ಅಂತ ಒಂದು ಇದೆ ಅನ್ನುವ ಹಾಗೆ ಅವರು ಕೂತು ಬರೆದುಕೊಂಡಿದ್ದರಿಂದ.

ಆ ಬಿಲ್ಲು ಇವತ್ತಿಗೂ ನನ್ನ ಹತ್ತಿರ ಇದೆ. ಅವರು ಅದರಲ್ಲಿದ್ದ ಪ್ರಕಾರವೇ ಪಾಠ ಮಾಡಿದರು. ಜನವರಿಯಲ್ಲಿ ಪುನರಾವರ್ತನೆ ಬಂದಾಗ ಅವರೇ ಒಂದು ಹೆಜ್ಜೆ ಮುಂದೆ ಹೋದರು. ಪಠ್ಯದಲ್ಲಿ ಆರ್.ಕೆ. ನಾರಾಯಣ್ ಅವರ ಸ್ವಾಮಿಯ ಪಾಠ ಇದೆಯಲ್ಲ, ಅಪ್ಪನ ಹಟಕ್ಕೆ ಆಫೀಸ್ ರೂಮಿನಲ್ಲಿ ಒಬ್ಬನೇ ಮಲಗಿ ಭಯದಲ್ಲಿ ಕಳ್ಳನ ಕಾಲು ಕಚ್ಚಿ ಹಿಡಿಯುವ ಹುಡುಗ, ಅದನ್ನು ಮಕ್ಕಳಿಂದ ಆಡಿಸಿದರು. ಆ ವಾರದ ಹೋಮ್‌ವರ್ಕ್ ಸ್ವಾಮಿಯ ಹೆಸರಿನಲ್ಲಿ ಅಜ್ಜಿಗೆ ಪತ್ರ. ಗೈಡಿನಲ್ಲಿ ಆ ಪತ್ರ ಎಲ್ಲೂ ಸಿಗುವುದಿಲ್ಲ. ಸ್ವಂತವಾಗಿ ಬರೆಯಲೇಬೇಕು, ಮಕ್ಕಳು ಬರೆದರು. ಇಷ್ಟು ವರ್ಷ ಆ ಪಾಠ ಮಾಡಿದ ನನಗೆ ಈ ಯೋಚನೆ ಬಂದಿರಲಿಲ್ಲ, ಮುಂದಿನ ವರ್ಷದಿಂದ ನಾನೂ ಹಾಗೇ ಮಾಡುತ್ತೇನೆ.

ಫೆಬ್ರವರಿ ಕೊನೆಗೆ ವಾಪಸ್ ಬಂದಾಗ ಪೂರ್ವಸಿದ್ಧತಾ ಪರೀಕ್ಷೆ ಮುಗಿದಿತ್ತು. ಮಕ್ಕಳ ನೋಟ್‌ಬುಕ್‌ಗಳನ್ನು ಮೊದಲಿನಿಂದ ತಿರುವಿ ನೋಡಿದೆ. ನವೆಂಬರಿನ ಪುಟಗಳಲ್ಲಿ ಪೆನ್ಸಿಲಿನ ಗುರುತು ತುಂಬಾ ಇದೆ. ಡಿಸೆಂಬರಿನಲ್ಲಿ ಕಡಿಮೆ. ಜನವರಿಯ ಪುಟಗಳಲ್ಲಿ ಮೇಡಂ ಸೀದಾ ಕೆಂಪು ಪೆನ್ನಿನಲ್ಲೇ ತಿದ್ದಿದ್ದಾರೆ, ಎಲ್ಲ ಸರಿಯಾಗಿಯೇ ತಿದ್ದಿದ್ದಾರೆ. ಒಂದು ವಾರವೂ ಬಿಟ್ಟಿಲ್ಲ. ಆ ಶನಿವಾರದ ನೋಟ್‌ಬುಕ್ ಕೂಡ ಸೋಮವಾರವೇ ಮಕ್ಕಳ ಕೈ ಸೇರಿದೆ. ದಾವಣಗೆರೆಯಿಂದ ವಾಪಸ್ ಹೋಗುವಾಗ ಬಸ್ಸಿನಲ್ಲಿ ಕೂತು ಉಳಿದವನ್ನು ತಿದ್ದಿದರಂತೆ, ಅಕ್ಷರ ಅಲ್ಲಲ್ಲಿ ಕುಲುಕಿದೆ.

ಮೇಡಂ, ನೀವು ಇದನ್ನು ಓದುತ್ತೀರಿ ಅಂತ ಗೊತ್ತು. ಮುಖ ನೋಡಿ ಹೇಳಿದರೆ ನೀವು ಮಾತು ಬದಲಾಯಿಸುತ್ತೀರಿ, ಅದಕ್ಕೇ ಇಲ್ಲಿ ಬರೆದೆ. ನನ್ನ ಪ್ರಾಣಕ್ಕೂ ನನ್ನ ಕ್ಲಾಸಿಗೂ ನೀವು ಒಟ್ಟಿಗೇ ಕಾವಲು ಕೂತಿರಿ. ಇದನ್ನು ತೀರಿಸಲು ನನಗೆ ಆಗುವುದಿಲ್ಲ. ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾದ ದಿನ ನಿಮ್ಮ ಪೀರಿಯಡ್ಡುಗಳು ನನ್ನವು, ನಿಮ್ಮ ಹಿಂದಿ ನೋಟ್‌ಬುಕ್‌ಗಳನ್ನೂ ಕೊಡಿ, ನನಗೂ ಪೆನ್ಸಿಲ್ ಹಿಡಿಯಲು ಬರುತ್ತೆ.

ಉಳಿದ ಆ ಒಬ್ಬ ಹುಡುಗನ ಬಗ್ಗೆ ತುಂಬಾ ಜನ ಕೇಳುತ್ತಿದ್ದೀರಿ. ಮನೆ ಕೆಲಸದಿಂದಾಗಿ ಶಾಲೆ ಜಾಸ್ತಿ ತಪ್ಪಿಸಿಕೊಂಡವನು, ಬೇಜಾರಾಗಿದ್ದಾನೆ, ಆದರೆ ಬಿಟ್ಟಿಲ್ಲ. ಈಗ ಅದೇ ವರ್ಷ ಮತ್ತೆ ಬರೆಯಬಹುದಾದ ಪರೀಕ್ಷೆ-2 ಇರುವುದರಿಂದ ವರ್ಷ ಹಾಳಾಗುವುದಿಲ್ಲ. ದಿನಾ ಬೆಳಿಗ್ಗೆ ನಮ್ಮ ಮನೆಗೆ ಬರುತ್ತಾನೆ, ಒಂದು ಗಂಟೆ ನಾನು ಹೇಳಿಕೊಡುತ್ತೇನೆ, ಸಂಜೆ ಬರೆದದ್ದನ್ನು ಹಿಂದಿ ಮೇಡಂಗೆ ತೋರಿಸುತ್ತಾನೆ. ಪತ್ರ ಚೆನ್ನಾಗಿ ಬರೆಯುತ್ತಾನೆ. ಪದ್ಯ ಬಾಯಿಗೆ ಬಂದಿದೆ. ಪ್ಯಾಸೇಜ್ ಓದಿ ಉತ್ತರ ಹುಡುಕುವುದು ಇನ್ನೂ ಕಷ್ಟ, ಈ ವಾರ ಅದನ್ನೇ ಮಾಡಿಸುತ್ತಿದ್ದೇವೆ.